ನಲವತ್ತಲ್ಲ, ಆರು

"ಮೇಡಂ, ನನ್ನ ತಪ್ಪನ್ನು ನಾನೇ ಹೇಳಿಕೊಂಡರೆ ಆಮೇಲೆ ನನ್ನ ಮಾತನ್ನು ಯಾರು ನಂಬುತ್ತಾರೆ?"

ಕೇಳಿದವನು ಇಲಿಯಾಸ್. ಕಡಲ ಜೀವಿಗಳ ಹೊಟ್ಟೆ ಸೇರಿದ, ಬರಿಗಣ್ಣಿಗೆ ಕಾಣದಷ್ಟು ಸಣ್ಣ ಪ್ಲಾಸ್ಟಿಕ್ಕನ್ನು ಹುಡುಕಿ ಎಣಿಸುವುದು ಅವನ ಸಂಶೋಧನೆ. ಕೇಳಿಸಿಕೊಂಡವರು ಅವನ ಗುರು ಮಾದೇವಿ ಮೇಡಂ. ಎರಡು ತಿಂಗಳ ಹಿಂದೆ ಅವನ ಮೊದಲ ಪ್ರಬಂಧ ಅಚ್ಚಾಗಿತ್ತು. ಬಂಗುಡೆ ಮೀನಿನ ಹೊಟ್ಟೆಯಲ್ಲಿ ಹಸಿರು ಪ್ಲಾಸ್ಟಿಕ್ ಎಳೆಗಳು ಹೇರಳವಾಗಿವೆ ಎಂದು ಅದರಲ್ಲಿ ಬರೆದಿದ್ದ. ಇವತ್ತು ಬೆಳಿಗ್ಗೆ ಸೂಕ್ಷ್ಮದರ್ಶಕದ ಪಕ್ಕ ಒಂದು ಖಾಲಿ ತಟ್ಟೆ ಇಟ್ಟು ನೋಡಿದರೆ, ಮೀನೇ ಇಲ್ಲದ ಆ ತಟ್ಟೆಯಲ್ಲೂ ಅದೇ ಹಸಿರು ಎಳೆಗಳು ಬಿದ್ದಿದ್ದವು. ಅವು ಪ್ರಯೋಗಶಾಲೆಯ ಕಿಟಕಿಗೆ ಹಾಕಿದ್ದ ಹಸಿರು ಪರದೆಯವು. ತಪ್ಪಾಗಿದೆ ಎಂದು ಪ್ರಬಂಧ ಹಾಕಿದ ಪತ್ರಿಕೆಗೆ ಬರೆಯಬೇಕೋ, ಬಾಯಿ ಮುಚ್ಚಿಕೊಂಡಿರಬೇಕೋ ತಿಳಿಯದೆ ಅವನು ಊಟವನ್ನೂ ಮಾಡಿರಲಿಲ್ಲ.

ಮೇಡಂ ಬೈಯಲಿಲ್ಲ. ತಮ್ಮ ಡಬ್ಬಿಯ ರೊಟ್ಟಿಯಲ್ಲಿ ಅರ್ಧ ಮುರಿದು ಅವನ ಕಡೆ ತಳ್ಳಿದರು. "ಮೊದಲು ತಿನ್ನು ಮಾರಾಯ. ಹಸಿದುಕೊಂಡು ಯೋಚನೆ ಮಾಡುವವರನ್ನು ಕಂಡರೆ ನನಗೆ ಹೆದರಿಕೆ," ಎಂದರು. ಅವನು ತಿನ್ನತೊಡಗಿದ ಮೇಲೆ ಕತೆ ಹೇಳಿದರು.

ನದಿ ಕಡಲು ಸೇರುವ ಒಂದು ಅಳಿವೆಯ ದಡದಲ್ಲಿ ಒಬ್ಬ ಬಳಚಿನವಳಿದ್ದಳು. ಬಳಚು ಎಂದರೆ ಎರಡು ಚಿಪ್ಪುಗಳ ನಡುವೆ ಬದುಕುವ ಸಣ್ಣ ಜೀವ, ನಿನಗೆ ಗೊತ್ತೇ ಇದೆ. ನೀರು ಇಳಿದ ಹೊತ್ತಿನಲ್ಲಿ ಸೊಂಟದುದ್ದ ನೀರಿಗೆ ಇಳಿದು, ಕಾಲಿನಿಂದ ತಡಕಿ ಬಳಚನ್ನು ಹೆಕ್ಕುವಳು. ಬುಟ್ಟಿ ತುಂಬಿದರೆ ಸಂತೆಗೆ ಹೊರುವಳು. ಆ ಮನೆ ನಡೆಯುತ್ತಿದ್ದುದು ಅದರಿಂದಲೇ.

ಅಲ್ಲಿಗೆ ಒಬ್ಬ ಸಂಶೋಧಕಿ ಬಂದಳು. ಆಗ ಈ ಕೆಲಸ ಮಾಡುವವರು ಬೆರಳೆಣಿಕೆಯಷ್ಟು. ಬಳಚು ದಿನವಿಡೀ ನೀರು ಸೋಸಿಕೊಂಡು ಬದುಕುತ್ತದೆ, ಆದ್ದರಿಂದ ನೀರಿನಲ್ಲಿ ಏನಿದೆಯೆಂದು ಅದರ ಹೊಟ್ಟೆಯನ್ನು ಕೇಳಬೇಕು ಎಂದು ಅವಳ ಯೋಚನೆ. ಓದಿದ್ದು ಬೇಕಾದಷ್ಟಿತ್ತು, ಕೆಸರಿನಲ್ಲಿ ನಿಲ್ಲಲು ಬರುತ್ತಿರಲಿಲ್ಲ. ಮೊದಲ ದಿನವೇ ಮೊಣಕಾಲವರೆಗೆ ಹೂತುಹೋದಳು. ಬಳಚಿನವಳು ಅವಳನ್ನು ಎಳೆದು ದಡಕ್ಕೆ ಹಾಕಿ, ಮನೆಗೆ ಕರೆದೊಯ್ದು, ಸ್ನಾನಕ್ಕೆ ಬಿಸಿನೀರು ಕೊಟ್ಟು ಊಟ ಹಾಕಿದಳು. ಅಂದಿನಿಂದ ಸಂಶೋಧಕಿ ಅವಳಿಗೆ ತಂಗಿ, ಅವಳು ಸಂಶೋಧಕಿಗೆ ಅಕ್ಕ.

ಪ್ರಯೋಗಶಾಲೆಯಲ್ಲಿ ಬಹಳ ಥಂಡಿ ಎಂದು ತಂಗಿ ಒಮ್ಮೆ ಹೇಳಿದ್ದೇ ತಡ, ಅಕ್ಕ ಸಂತೆಯಿಂದ ಒಂದು ಕೆಂಪು ಶಾಲು ತಂದುಕೊಟ್ಟಳು. ಉಣ್ಣೆಯೆಂದು ನಂಬಿ ಕೊಂಡದ್ದು. ಅದು ಪ್ಲಾಸ್ಟಿಕ್ ನೂಲಿನದು. ತಂಗಿ ಅದನ್ನು ಹೊದ್ದುಕೊಂಡೇ ದಿನವೂ ಸೂಕ್ಷ್ಮದರ್ಶಕದ ಮುಂದೆ ಕೂರುತ್ತಿದ್ದಳು. ಪ್ರೀತಿಯಿಂದ ಕೊಟ್ಟದ್ದನ್ನು ಯಾರು ತಾನೆ ಸಂಶಯದಿಂದ ನೋಡುತ್ತಾರೆ?

ಹತ್ತು ಬಳಚುಗಳಲ್ಲಿ ನಲವತ್ತು ಎಳೆ ಸಿಕ್ಕಿದವು. ಹೆಚ್ಚಿನವು ಕೆಂಪು. ಯಾವುದೋ ಹಗ್ಗದವು, ಬಲೆಯವು ಎಂದುಕೊಂಡು ವರದಿ ಬರೆದಳು. ಪೇಪರಿನವರು ಅದನ್ನು ಮುಖಪುಟಕ್ಕೆ ಹಾಕಿದರು. ಮುಂದಿನ ಸಂತೆಯಲ್ಲಿ ಬಳಚನ್ನು ಕೇಳುವವರೇ ಇಲ್ಲ. ಅದರ ಮುಂದಿನ ಸಂತೆಯಲ್ಲೂ ಇಲ್ಲ. ಅಕ್ಕನ ಮನೆಯಲ್ಲಿ ಅಕ್ಕಿಯನ್ನು ಅಳೆದು ಅಳೆದು ಹಾಕುವಂತಾಯಿತು. ಮಾರಾಟವಾಗದ ಬಳಚನ್ನೇ ಮೂರು ಹೊತ್ತೂ ತಿಂದು ಮನೆಯವರಿಗೆ ಅದರ ವಾಸನೆಯೇ ಬೇಡವಾಯಿತು.

ತಿಂಗಳಾದ ಮೇಲೆ ಸಂಶೋಧಕಿ, ನೀನು ಇವತ್ತು ಮಾಡಿದ ಕೆಲಸವನ್ನು ಮಾಡಿದಳು. ಖಾಲಿ ತಟ್ಟೆ ಇಟ್ಟಳು. ಅದರಲ್ಲೂ ಕೆಂಪು ಎಳೆ. ಶಾಲನ್ನು ತೆಗೆದಿಟ್ಟು, ಹತ್ತಿಯ ಬಟ್ಟೆ ಉಟ್ಟು, ಹೊಸ ಬಳಚು ತಂದು ಮತ್ತೆ ಎಣಿಸಿದಳು. ಹತ್ತು ಬಳಚುಗಳಲ್ಲಿ ಆರು ಎಳೆ.

ಮೇಲಿನವರು ಸುಮ್ಮನಿರು ಎಂದರು. ಆ ವರ್ಷ ಅವಳ ನೌಕರಿ ಕಾಯಂ ಆಗುವುದರಲ್ಲಿತ್ತು. ಅವಳು ಸುಮ್ಮನಿರದೆ, ನನ್ನ ವರದಿ ತಪ್ಪು ಎಂದು ಬರೆದು ಕಳಿಸಿದಳು. ನೌಕರಿ ಬೇರೆಯವರ ಪಾಲಾಯಿತು. ಒಂದು ಸಣ್ಣ ಕಾಲೇಜಿನಲ್ಲಿ ಪಾಠ ಹೇಳಿಕೊಂಡು ಅವಳು ತನ್ನ ಎಣಿಕೆಯನ್ನು ಮುಂದುವರಿಸಿದಳು. ಪೇಪರಿನವರು ತಿದ್ದುಪಡಿಯನ್ನು ಒಳಪುಟದ ಮೂಲೆಯಲ್ಲಿ ಹಾಕಿದ್ದರು. ಯಾರೂ ಓದಲಿಲ್ಲ. ಓದದಿದ್ದರೆ ಹೋಗಿ ಹೇಳಬೇಕಷ್ಟೆ ಎಂದು ಅವಳು ಬಸ್ಸು ಹತ್ತಿದಳು.

ಅಕ್ಕ ಹೊಸಿಲ ಮೇಲೆ ಕೂತಿದ್ದಳು. ಬಾ ಎನ್ನಲಿಲ್ಲ. ಸಂಶೋಧಕಿ ಅಂಗಳದಲ್ಲಿ ನಿಂತೇ ಎಲ್ಲವನ್ನೂ ಹೇಳಿದಳು.

"ಹಂಗಾರೆ ಆ ಕೆಂಪು ಎಳೆ ಎಲ್ಲಿಂದ ಬಂತು?" ಎಂದು ಅಕ್ಕ ಕೇಳಿದಳು.

"ನಾನು ಹೊದ್ದುಕೊಂಡದ್ದರಿಂದ."

ಅಕ್ಕ ಅವಳ ಬರಿಯ ಹೆಗಲನ್ನು ನೋಡಿದಳು. "ಅಯ್ಯೋ ದೇವ್ರೇ! ನನ್ನ ಹೊಟ್ಟೆ ಮೇಲೆ ನಾನೇ ಹೊಡ್ಕಂಡ್ನಾ?"

"ಕೊಟ್ಟದ್ದು ತಪ್ಪಲ್ಲ ಅಕ್ಕಾ. ಖಾಲಿ ತಟ್ಟೆ ಇಡದೆ ಎಣಿಸಿದ್ದು ತಪ್ಪು. ಅದು ನನ್ನದು."

ಅಕ್ಕನ ಮುಖ ಸ್ವಲ್ಪ ಸಡಿಲವಾಯಿತು. "ಆಯ್ತು ತಂಗಿ. ನಾಳೆ ಸಂತೆಗೆ ಬಾ. ಬಳಚಲ್ಲಿ ಎಂತದೂ ಇಲ್ಲ ಅಂತ ನಾಲ್ಕು ಜನರ ಎದುರು ಹೇಳು. ಅಷ್ಟು ಹೇಳಿರೆ ಸಾಕು, ನಂಗೆ ನಿನ್ನ ಮೇಲೆ ಸಿಟ್ಟಿಲ್ಲ."

"ಎಂಥದೂ ಇಲ್ಲ ಅಂತ ಹೇಳಲಾರೆ ಅಕ್ಕಾ. ಆರು ಇದೆ."

ಅಕ್ಕ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ನೋಡು ಇಲಿಯಾಸ, ತಪ್ಪು ಒಪ್ಪಿಕೊಳ್ಳುವುದು ಕಷ್ಟ, ಒಪ್ಪಿದೆ. ಒಪ್ಪಿಕೊಂಡ ಮೇಲೆ, ನಾವು ನೋಯಿಸಿದವರನ್ನು ಸಮಾಧಾನ ಮಾಡಲು ಒಂದು ಸಣ್ಣ ಸುಳ್ಳು ಹೇಳಿಬಿಡೋಣ ಅನ್ನಿಸುತ್ತದೆ. ಆ ಸುಳ್ಳನ್ನು ಹೇಳದೆ ನುಂಗಿಕೊಳ್ಳುವುದು ಅದಕ್ಕಿಂತ ಕಷ್ಟ. ಅದೂ ಕೇಳುತ್ತಿರುವವಳು ಅನ್ನ ಹಾಕಿದವಳಾದರೆ, ದೇವರೇ ಗತಿ.

ಮರುದಿನ ಸಂಶೋಧಕಿ ಸಂತೆಗೆ ಬಂದಳು. ಬಳಚಿನ ಬುಟ್ಟಿಯ ಪಕ್ಕ ಗೋಣಿ ಹಾಸಿ ಕೂತಳು. ಅಕ್ಕ ಬುಟ್ಟಿಯನ್ನು ಒಂದು ಮಾರು ದೂರ ಸರಿಸಿದಳು. ಇವಳೂ ಗೋಣಿ ಸರಿಸಿದಳು. ಕೇಳಿದವರಿಗೂ ಕೇಳದವರಿಗೂ ಅವಳದು ಒಂದೇ ಮಾತು: "ನಲವತ್ತು ಅಂದಿದ್ದೆ, ನನ್ನ ತಪ್ಪು. ಇರುವುದು ಆರು. ಆ ಆರೂ ಇರಬಾರದಿತ್ತು."

ಕೆಲವರು ನಕ್ಕರು. ಓದಿ ಓದಿ ತಲೆ ಕೆಟ್ಟಿದೆ ಎಂದು ಒಬ್ಬ ಮುದುಕ ಅವಳ ಎದುರೇ ಹೇಳಿದ. ಐದು ವಾರ ಹೀಗೇ ನಡೆಯಿತು. ಅಕ್ಕ ಬುಟ್ಟಿ ಸರಿಸುತ್ತಲೇ ಇದ್ದಳು. ಮೂರನೆಯ ವಾರ ಬಿಸಿಲು ಜೋರಾದಾಗ ಮಾತ್ರ, ಮುಖವನ್ನು ಅತ್ತ ತಿರುಗಿಸಿಕೊಂಡೇ, ತನ್ನ ಕೊಡೆಯನ್ನು ಇವಳ ಕಡೆ ಸ್ವಲ್ಪ ವಾಲಿಸಿದಳು.

ಆರನೆಯ ವಾರ ಒಬ್ಬ ಖಾನಾವಳಿಯವನು ಬಂದು, ಪೇಪರಿನಲ್ಲಿ ಬಂದದ್ದು ನಿಜವೇ, ಬಳಚು ಒಯ್ಯಬಹುದೇ ಎಂದು ಅಕ್ಕನನ್ನು ಕೇಳಿದ.

"ನಂಗೆ ಕೇಳಬೇಡ," ಎಂದಳು ಅಕ್ಕ. "ನಾ ಮಾರೂಕೆ ಕೂತವಳು, ಒಳ್ಳೇದು ಅಂತ್ಲೇ ಹೇಳ್ತೆ. ಅವಳನ್ನ ಕೇಳು. ಅನ್ನ ಹಾಕಿದ ನಂಗೋಸ್ಕರನೂ ಸುಳ್ಳು ಹೇಳದವಳು ಅವಳು."

ಖಾನಾವಳಿಯವನು ಸಂಶೋಧಕಿಯ ಮಾತನ್ನು ಪೂರ್ತಿ ಕೇಳಿಸಿಕೊಂಡ. ಆ ಆರೂ ಇರಬಾರದಿತ್ತು ಎಂಬುದನ್ನೂ ಕೇಳಿಸಿಕೊಂಡ. ಅರ್ಧ ಬುಟ್ಟಿ ಬಳಚು ಒಯ್ದ.

ಇಷ್ಟು ಹೇಳಿ ಮಾದೇವಿ ಮೇಡಂ ಡಬ್ಬಿಯ ಮುಚ್ಚಳ ಹಾಕಿದರು. ಇಲಿಯಾಸನಿಗೆ ಕತೆ ಹಿಡಿಸಿತ್ತು. ಆದರೆ ಅವನ ಭಯ ಹೋಗಿರಲಿಲ್ಲ. ಅವನು ಪ್ರಬಂಧದ ಪ್ರತಿಯನ್ನು ಮಡಚಿ ಬಿಚ್ಚಿ, ಬಿಚ್ಚಿ ಮಡಚಿ, ಕೊನೆಗೆ ಬಾಯಿ ಬಿಟ್ಟ.

"ಆದರೂ ಮೇಡಂ, ಅವರಿಗೆ ನೌಕರಿಯೇ ಹೋಯಿತಲ್ಲ. ಸಂತೆಯಲ್ಲಿ ಬಳಚು ಮಾರುವವಳೊಬ್ಬಳು ನಂಬಿದರೆ ಏನು ಪ್ರಯೋಜನವಾಯಿತು?"

ಮೇಡಂ ಅವನನ್ನು ಅಕ್ಕರೆಯಿಂದ ನೋಡಿ ಹೇಳಿದರು: "ಆ ಬಳಚಿನವಳು ನನ್ನ ಅಮ್ಮ, ಮಾರಾಯ, ನಂಬಿದ್ದಕ್ಕೇ ನನ್ನನ್ನು ಆ ಸಂಶೋಧಕಿಯ ಬಳಿ ಓದಲು ಕಳಿಸಿದಳು."