ಯೂದನ ಮಣೆ

ಕರಿಬಂಡೆಹಳ್ಳಿಯ ಗುಡಿಗೆ ಪೂಜ್ಯ ಜ್ಞಾನನಾಥ ಸ್ವಾಮಿಗಳು ವಿಚಾರಣಾ ಗುರುಗಳಾಗಿ, ಎಂದರೆ ಊರಿನ ಪಾದ್ರಿಗಳಾಗಿ, ದಯಮಾಡಿಸಿದಾಗ ಅವರ ಜೊತೆಗಿದ್ದದ್ದು ಒಂದು ತಗಡಿನ ಪೆಟ್ಟಿಗೆ, ಒಂದು ಹರಿದ ಕೊಡೆ. ಗುಡಿ ಎಂದರೆ ಕ್ರೈಸ್ತ ದೇವಾಲಯವೇ. ಆ ಸೀಮೆಯ ನಮ್ಮ ಹಿರಿಯರು ಹಾಗೆಯೇ ಅನ್ನುತ್ತಿದ್ದುದು. ಗುಡಿಯ ಪಕ್ಕದ ಒಂಟಿ ಕೋಣೆಯಲ್ಲಿ ಸ್ವಾಮಿಗಳು ತಮ್ಮ ರಾಗಿ ಅಂಬಲಿಯನ್ನು ತಾವೇ ಕಾಯಿಸಿಕೊಳ್ಳುತ್ತಿದ್ದರು, ಕಿತ್ತುಹೋದ ಚಪ್ಪಲಿಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರು. ಮಾತು ಮಾತ್ರ ಬಲು ಕಡಿಮೆ. ಪೂಜೆಯ ನಡುವೆ ಅವರು ಕೊಡುವ ಉಪದೇಶದ ಪ್ರಸಂಗ ಶುರುವಾಯಿತೆಂದು ಕೆಮ್ಮಿ ಸರಿಯಾಗಿ ಕೂರುವಷ್ಟರಲ್ಲಿ ಮುಗಿದೇ ಹೋಗಿರುತ್ತಿತ್ತು ಎಂದು ಊರವರು ನಗುತ್ತಿದ್ದರು.

ಊರಿನ ಗಂಡಸರೆಲ್ಲ ಕಲ್ಲುಕುಟಿಗರು. ಅವರಲ್ಲಿ ಒಂದು ವಿಚಿತ್ರ ನಂಬಿಕೆ ಬೇರೂರಿತ್ತು. ಪವಿತ್ರ ಗುರುವಾರದ ಸಂಜೆ, ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದ ನೆನಪಿಗೆ ಗುರುಗಳು ಹನ್ನೆರಡು ಜನರ ಕಾಲು ತೊಳೆಯುತ್ತಾರಲ್ಲ, ಅದಕ್ಕೆ ಪೀಠದ ಮೆಟ್ಟಿಲ ಮೇಲೆ ಹನ್ನೆರಡು ಮಣೆ ಹಾಕುತ್ತಿದ್ದರು. ಕಡೆಯ ಮಣೆ ಯೇಸುವನ್ನು ಹಿಡಿದುಕೊಟ್ಟ ಗುರುದ್ರೋಹಿ ಯೂದನದು ಎಂದು ಯಾರೋ ಯಾವಾಗಲೋ ಅಂದದ್ದು ಶಾಸ್ತ್ರವಾಗಿಬಿಟ್ಟಿತ್ತು. ಅದರ ಮೇಲೆ ಕೂರಲು ಯಾರೂ ಒಪ್ಪರು.

"ಲೇ ಚೌರಪ್ಪ, ಹೋಗಿ ಕೂತ್ಕೊಳ್ಳೋ ಕಡೇ ಮಣೆ ಮೇಲೆ. ಅವ್ನು ಮೂವತ್ತು ಬೆಳ್ಳಿಗೆ ಮಾರ್ದ, ನೀನು ಮೂರು ಬೀಡಿಗೇ ಮಾರೋನು!"

"ನಿನ್ನ ಮಾವನ್ನ ಕೂರ್ಸಲೇ, ಹೆಣ್ಣು ಕೊಡೋವಾಗ ನಮಗೆ ಕೈಕೊಟ್ಟೋನು!"

ಒಂಬತ್ತು ವರ್ಷದಿಂದ ಈ ನೂಕಾಟವೇ ನಿಂತುಹೋಗಿತ್ತು. ಅವರಲ್ಲೊಬ್ಬನಾದ ಸಂದ್ಯಾಗಪ್ಪ ತಾನಾಗಿಯೇ ಬಂದು ಆ ಮಣೆಯ ಮೇಲೆ ಕೂರುತ್ತಿದ್ದ. ಗುರುಗಳು ಹನ್ನೊಂದನೆಯವನ ಕಾಲು ತೊಳೆಯುವಾಗ ಎದ್ದು, ಯೇಸುವಿನ ಕಡೆಯ ಊಟದ ನಡುವೆ ಯೂದ ಹೊರಟುಹೋದಂತೆ, ಪಕ್ಕದ ಬಾಗಿಲಿನಿಂದ ಹೊರಟುಹೋಗುತ್ತಿದ್ದ. ಪೂಜೆಯ ಕೊನೆಗೆ ಗುರುಗಳು ಕೊಡುವ ಪರಮಪ್ರಸಾದಕ್ಕೂ ನಿಲ್ಲುತ್ತಿರಲಿಲ್ಲ. "ನಾನೆಲ್ಲಿ, ಅದೆಲ್ಲಿ" ಎಂದು ಕೈಮುಗಿದುಬಿಡುತ್ತಿದ್ದ. ಎಂಥ ತಗ್ಗಿದ ಮನುಷ್ಯ ನೋಡಿ ಎಂದು ಹೆಂಗಸರು ಮಕ್ಕಳಿಗೆ ತೋರಿಸುತ್ತಿದ್ದರು. ಆ ಹೊಗಳಿಕೆ ಕಿವಿಗೆ ಬಿದ್ದಾಗಲೆಲ್ಲ ಸಂದ್ಯಾಗಪ್ಪನಿಗೆ ಮೈಮೇಲೆ ಕೆಂಡ ಸುರಿದಂತಾಗುತ್ತಿತ್ತು.

ಏಕೆಂದರೆ ಅವನು ತಗ್ಗಿದವನಲ್ಲ, ಬಚ್ಚಿಟ್ಟವನು.

ಕಲ್ಲುಗಣಿಯಲ್ಲಿ ಬಂಡೆ ಸಿಡಿಸುವ ಮದ್ದಿನ ಬತ್ತಿಗೆ ಬೆಂಕಿ ಹಚ್ಚುವ ಮುನ್ನ, ಮರಕ್ಕೆ ತೂಗುಹಾಕಿದ್ದ ರೈಲುಕಂಬಿಯ ತುಂಡನ್ನು ಮೂರು ಸಲ ಬಾರಿಸಿ ಕೂಗಬೇಕು. ಒಂಬತ್ತು ವರ್ಷದ ಹಿಂದೆ ಒಂದು ದಿನ ಅದು ಸಂದ್ಯಾಗಪ್ಪನ ಕೆಲಸವಾಗಿತ್ತು. ಅವನೋ ನೆರಳಲ್ಲಿ ಚೌಕಾಬಾರ ಆಡುತ್ತಿದ್ದ, ಇನ್ನೊಂದು ಕಾಯಿ ಹಣ್ಣಾದರೆ ಗೆದ್ದಂತೆ. ಬಾರಿಸಿದ್ದಾಯಿತೇ ಎಂದು ಬತ್ತಿ ಹಚ್ಚುವವರು ಕೇಳಿದಾಗ, ಕಾಯಿಯ ಮೇಲಿನ ಕಣ್ಣು ತೆಗೆಯದೆ "ಹೂಂ" ಎಂದುಬಿಟ್ಟ. ಮರೆತ ಉಳಿಯನ್ನು ತರಲು ಹಳ್ಳಕ್ಕಿಳಿದಿದ್ದ ಅರುಳಪ್ಪ ಮತ್ತೆ ಮೇಲೆ ಬರಲಿಲ್ಲ. ಇಪ್ಪತ್ತೆರಡರ ಹುಡುಗ, ಅಣ್ಣಮ್ಮನ ಒಬ್ಬನೇ ಮಗ.

"ಮೂರು ಸಲ ಬಾರಿಸ್ದೆ, ಗಂಟಲು ಹರಿಯೋಂಗೆ ಕೂಗ್ದೆ. ಅವನಿಗೇ ಕೇಳಿಸ್ಲಿಲ್ಲ" ಎಂದು ಸಂದ್ಯಾಗಪ್ಪ ಹೆಣದ ಮುಂದೆ ನಿಂತು ಹೇಳಿದ. ಊರು ನಂಬಿತು. ಆ ಸುಳ್ಳಿನ ಮೇಲೆ ಅವನು ಒಂಬತ್ತು ವರ್ಷ ಉಂಡ, ಮಲಗಿದ, ಎದ್ದ. ಅಣ್ಣಮ್ಮ ಎದುರಾದರೆ ಬೇರೆ ಬೀದಿ ಹಿಡಿಯುತ್ತಿದ್ದ. ವರ್ಷಕ್ಕೊಮ್ಮೆ ಯೂದನ ಮಣೆಯ ಮೇಲೆ ಕೂತು, ತನಗೆ ತಕ್ಕ ಶಿಕ್ಷೆ ಇದೇ ಎಂದುಕೊಳ್ಳುತ್ತಿದ್ದ.

ಜ್ಞಾನನಾಥ ಸ್ವಾಮಿಗಳಿಗೆ ಇದಾವುದೂ ತಿಳಿಯದು. ತಾವು ಬಂದ ಆ ವರ್ಷದ ಪವಿತ್ರ ಗುರುವಾರ ಅವರು ಸೊಂಟಕ್ಕೆ ಟವಲು ಬಿಗಿದು, ನೀರಿನ ಬೋಗುಣಿ ಹಿಡಿದು ಬಂದರು. ಮೊದಲನೆಯ ಮಣೆಯ ಮೇಲಿದ್ದ ಚೌರಪ್ಪ ಆಗಲೇ ಪಂಚೆ ಮೇಲೆತ್ತಿ ಕಾಲು ನೀಡಿದ್ದ. ಸ್ವಾಮಿಗಳು ಅವನನ್ನು ದಾಟಿ, ಎಲ್ಲರನ್ನೂ ದಾಟಿ, ಕಡೆಯ ಮಣೆಯ ಮುಂದೆ ಹೋಗಿ ಮಂಡಿಯೂರಿದರು.

ಸಂದ್ಯಾಗಪ್ಪ ಕಾಲು ಹಿಂದಕ್ಕೆಳೆದುಕೊಂಡ. "ಬೇಡಿ ಸ್ವಾಮಿ. ಇದು ಯೂದನ ಮಣೆ."

ಸ್ವಾಮಿಗಳು ಹಾಗೆಯೇ ತಲೆಯೆತ್ತಿ ನೋಡಿದರು. "ಅವನ ಕಾಲನ್ನೂ ತೊಳೆದರಪ್ಪ ಯೇಸುಸ್ವಾಮಿ. ಗೊತ್ತಿದ್ದೂ ತೊಳೆದರು."

ಕಲ್ಲಿನ ಗಾಯಗಳಿಂದ ಗಂಟುಗಟ್ಟಿದ್ದ ಆ ಪಾದವನ್ನು ಅಂಗೈಯಲ್ಲಿಟ್ಟುಕೊಂಡು, ಬೆರಳ ಸಂದು ಸಂದಿಗೂ ನೀರು ಬಿಟ್ಟು, ಒರೆಸಿ, ಮುತ್ತಿಟ್ಟರು. ಆಮೇಲೆ ತಮಗೆ ತಾವೇ ಹೇಳಿಕೊಳ್ಳುವವರಂತೆ, "ಪಾಪ, ಅವನು ನೇಣು ಹಾಕಿಕೊಳ್ಳದೆ ಇನ್ನು ಮೂರು ದಿನ ಕಾದಿದ್ದರೆ ಆಗಿತ್ತು, ಸಮಾಧಿಯಿಂದ ಎದ್ದುಬಂದ ಸ್ವಾಮಿಯೇ ಕ್ಷಮಿಸುತ್ತಿದ್ದರು" ಎಂದರು.

ಅಷ್ಟೇ. ಆದರೆ ಸಂದ್ಯಾಗಪ್ಪನಿಗೆ ಏಳಲಾಗಲಿಲ್ಲ, ಪಕ್ಕದ ಬಾಗಿಲು ಕಣ್ಣಿಗೆ ಕಾಣಲಿಲ್ಲ.

ಪೂಜೆ ಮುಗಿದ ಮೇಲೆ ಅವನು ಪಾಪನಿವೇದನೆಗೆ ಮಂಡಿಯೂರಿದ. ಅಲ್ಲಿಯ ಮಾತು ಗುರುಗಳ ಬಾಯಿಂದ ಎಂದಿಗೂ ಹೊರಬೀಳದು. ಮುಂದೆ ಮುದುಕನಾದ ಮೇಲೆ ಸಂದ್ಯಾಗಪ್ಪನೇ ಕೇಳಿದವರಿಗೆಲ್ಲ ಹೇಳುತ್ತಿದ್ದುದರಿಂದ ನಮಗೆ ತಿಳಿದಿದೆ. ಎಲ್ಲ ಕೇಳಿಸಿಕೊಂಡು ಸ್ವಾಮಿಗಳು, ದೇವರು ಕ್ಷಮಿಸಿದ್ದಾರೆ ಎಂದರಂತೆ.

"ಇಷ್ಟು ಸಲೀಸಾಗಿ ಬೇಡಿ ಸ್ವಾಮಿ. ನಲವತ್ತು ದಿನ ಉಪವಾಸ ಕೂರ್ತೀನಿ. ಶಿಲುಬೆ ಬೆಟ್ಟಾನ ಮಂಡಿಯಲ್ಲೇ ಹತ್ತುತೀನಿ."

"ಅದೆಲ್ಲ ನಿನಗೆ ಹಿತ. ಆ ತಾಯಿಗೆ ಯಾವುದು ಹಿತವೋ ಅದನ್ನು ಮಾಡು."

ಮರುದಿನ ಶುಭ ಶುಕ್ರವಾರ ಬೆಳಿಗ್ಗೆ ಅಣ್ಣಮ್ಮ ಜಗಲಿಯಲ್ಲಿ ಮೊರ ಹಿಡಿದು ಹುರುಳಿಯ ಕಲ್ಲು ಆರಿಸುತ್ತಿದ್ದಳು. ಸಂದ್ಯಾಗಪ್ಪ ಅವಳ ಮುಂದೆ ನೆಲದ ಮೇಲೆ ಕೂತ. ಕಂಬಿ ಬಾರಿಸಲಿಲ್ಲ ಎಂದ. ಕೂಗಲಿಲ್ಲ ಎಂದ. ಚೌಕಾಬಾರದ ಕಾಯಿಯನ್ನೂ ಬಿಡದೆ ಹೇಳಿದ. ಒಂದು ಆಟ! ಬರೀ ಒಂದು ಆಟ!

ಮುದುಕಿಯ ಕೈಯ ಮೊರ ಓರೆಯಾಗಿ ಹುರುಳಿಯೆಲ್ಲ ಚೆಲ್ಲಿತು. ಹೊಡೆಯುತ್ತಾಳೆ ಎಂದು ಅವನು ಮುಖ ಒಡ್ಡಿದ.

"ಹಂಗಾದ್ರೆ ನನ್ನ ಮಗನ ಕಿವಿ ನೆಟ್ಟಗಿತ್ತಾ?"

ಅವನಿಗೆ ಅರ್ಥವಾಗಲಿಲ್ಲ.

"ಎಳೇದ್ರಲ್ಲಿ ಅವನಿಗೆ ಕಿವಿ ಸೋರ್ತಿತ್ತು ಕಣ್ಲಾ. ಸಿಸ್ಟರಮ್ಮನೋರ ಆಸ್ಪತ್ರೆಗೆ ಕರ್ಕೊಂಡೋಗು ಅಂದ್ರು ಎಲ್ರೂ. ನಾನು ಬೆಳ್ಳುಳ್ಳಿ ಎಣ್ಣೆ ಬುಟ್ಟು ಸುಮ್ಕಾದೆ. ಕಂಬಿ ಸದ್ದು ಅವನಿಗೆ ಕೇಳಿಸ್ಲಿಲ್ಲ ಅಂದ್ಯಲ್ಲ ನೀನು... ನಾನೇ ಕೊಂದೆ ಅಂತ ಇದ್ದೆ. ಒಂಬತ್ತು ವರ್ಷ ನಾನೇ ಕೊಂದೆ ಅಂತ ಇದ್ದೆ!"

ಸಂದ್ಯಾಗಪ್ಪ ಹಣೆಯನ್ನು ಜಗಲಿಯ ಕಲ್ಲಿಗೆ ಒತ್ತಿಬಿಟ್ಟ. ತಾನು ಹೊತ್ತೆನೆಂದು ಬೀಗಿದ ಹೊರೆಯ ಅರ್ಧ ಈ ಹಣ್ಣುಮುದುಕಿಯ ತಲೆಯ ಮೇಲಿತ್ತು! ತನ್ನ ಪ್ರಾಯಶ್ಚಿತ್ತದ ಆಟದಲ್ಲಿ, ಚೌಕಾಬಾರದ ದಿನದಂತೆಯೇ, ಇವಳ ಕಡೆ ತಿರುಗಿಯೂ ನೋಡಿರಲಿಲ್ಲ.

ಅಣ್ಣಮ್ಮ ಎದ್ದು ಅವನ ರಟ್ಟೆ ಹಿಡಿದು ಬೀದಿಗೆಳೆದಳು. "ಬನ್ರಮ್ಮಾ, ಕೇಳ್ರಿ! ಹೇಳ್ಲಾ, ನಂಗೇಳಿದ್ದ ಅವರಿಗೂ ಹೇಳು. ಜೋರಾಗಿ ಹೇಳು!"

ಅವನು ಹೇಳಿದ. ಅಲ್ಲಿ ಮಾತ್ರವಲ್ಲ, ಬೀದಿ ಬೀದಿಯಲ್ಲೂ ಹೇಳಿಸಿದಳು. ಹೊಗಳುತ್ತಿದ್ದ ಹೆಂಗಸರು ಸೆರಗು ಬಾಯಿಗೊತ್ತಿಕೊಂಡು ಮಕ್ಕಳನ್ನು ಒಳಕ್ಕೆಳೆದುಕೊಂಡರು. ಚೌರಪ್ಪ ಅವನ ಕಾಲ ಮೇಲೆ ಉಗಿದ. ಸಂದ್ಯಾಗಪ್ಪ ಉಗುಳನ್ನು ಒರೆಸಿಕೊಳ್ಳಲಿಲ್ಲ, ಓಡಿಹೋಗಲೂ ಇಲ್ಲ. ಮುಖಕ್ಕೆ ನಾಚಿಕೆ ಹತ್ತಿ ಉರಿಯುತ್ತಿದ್ದರೂ ಎದೆಯೊಳಗೆ ಮೊದಲ ಬಾರಿಗೆ ಉಸಿರು ಸಲೀಸಾಗಿ ಆಡುತ್ತಿತ್ತು.

ಭಾನುವಾರ, ಯೇಸು ಸಮಾಧಿಯಿಂದ ಎದ್ದುಬಂದ ಪಾಸ್ಕ ಹಬ್ಬದ ಬೆಳಿಗ್ಗೆ, ಅವನು ಪರಮಪ್ರಸಾದದ ಸಾಲಿನಲ್ಲಿ ನಿಂತ. ಪಕ್ಕದವರು ಸ್ವಲ್ಪ ಸರಿದು ನಿಂತರು. ಸ್ವಾಮಿಗಳು ಶಾಂತವಾಗಿ ಕಾಯುತ್ತಿದ್ದರು. ಇನ್ನೆರಡು ಹೆಜ್ಜೆ ಇದೆ ಎನ್ನುವಾಗ ಅವನು ನಿಂತುಬಿಟ್ಟ. ಬೇಡ, ಮುಂದಿನ ವರ್ಷ ನೋಡೋಣ ಎಂದು ಹಿಂದಕ್ಕೆ ತಿರುಗಿದ.

ಬೆನ್ನಿಗೆ ಒಂದು ಒಣಗಿದ ಅಂಗೈ ತಗುಲಿತು. ಅಣ್ಣಮ್ಮ.

"ನಡೀಲಾ ಮುಂದಕ್ಕೆ," ಎಂದಳು. "ಹಿಂದೆ ಜನ ನಿಂತವ್ರೆ."