ನಾಯಿಬಂಡಿ ಹತ್ತಿದ ನರಿ

ಬಿಸಿಲಿಗೆ ಬಂಡೆಯೂ ಕಾದು ಕೆಂಡವಾಗುವ ಒಂದು ಕುರುಚಲು ಕಾಡಿನಲ್ಲಿ ನಿಂಗಣ್ಣ ಎಂಬ ನರಿ ಇದ್ದ. ಅವನಿಗೆ ಲೋಕದಲ್ಲಿ ಇದ್ದದ್ದು ಒಂದೇ ಚಿಂತೆ. ಅದು ನಾಯಿಗಳ ಚಿಂತೆ. ಕೋಳಿಯ ಆಸೆಗೆ ಊರಂಚಿಗೆ ಕಾಲಿಟ್ಟರೆ ಸಾಕು, ಊರಿನ ನಾಯಿಗಳೆಲ್ಲ ಬೊಗಳುತ್ತಾ ಬೆನ್ನು ಹತ್ತುತ್ತಿದ್ದವು. ನಿಂಗಣ್ಣ ಎದ್ದೆನೋ ಬಿದ್ದೆನೋ ಎಂದು ಓಡಿ ಬಿಲ ಸೇರುತ್ತಿದ್ದ. ಆಮೇಲೆ ಹೊರಗೆ ಬಂದು, "ಪಾಪ, ಬುದ್ಧಿಯಿಲ್ಲದವು ಅಂತ ಸುಮ್ಮನೆ ಬಿಟ್ಟುಬಂದೆ" ಎಂದು ಮೊಲಗಳ ಮುಂದೆ ಮೀಸೆ ತಿರುವುತ್ತಿದ್ದ.

ಚಳಿಗಾಲಕ್ಕೆಂದು ದೂರದ ಉತ್ತರದಿಂದ ತಾಯಕ್ಕ ಎಂಬ ಹೆಬ್ಬಾತು ಆ ಕಾಡಿನ ಕೆರೆಗೆ ಹಾರಿ ಬರುತ್ತಿದ್ದಳು. ಒಂದು ದಿನ ಅವಳು ತನ್ನ ಊರಿನ ಸುದ್ದಿ ಹೇಳುತ್ತಿದ್ದಳು.

"ನಮ್ಮ ಕಡೆ ಎಲ್ಲಿ ನೋಡಿದ್ರೂ ಹಿಮ ಕಣಪ್ಪ. ಬಂಡಿಗೆ ಚಕ್ರಾನೇ ಇಲ್ಲ, ಹಿಮದ ಮೇಲೆ ಜಾರ್ಕೊಂಡು ಹೋಗುತ್ತೆ. ನಾಯಿಗಳು ಅದನ್ನ ಎಳೀತವೆ. ಹಿಂದೆ ಒಬ್ಬ ಹಿಡಿ ಹಿಡ್ಕೊಂಡು ನಿಂತಿರ್ತಾನೆ. 'ಹೋಗ್ರೋ' ಅಂದ್ರೆ ಹೋಗ್ತವೆ, 'ನಿಲ್ರೋ' ಅಂದ್ರೆ ನಿಲ್ತವೆ."

ನಿಂಗಣ್ಣನ ಕಿವಿ ನೆಟ್ಟಗಾದವು. "ಅಂದ್ರೆ, ನಾಯಿಗಳು ಮುಂದೆ, ಅವನು ಹಿಂದೆ?"

"ಹೂಂ."

"ನಾಯಿಗಳನ್ನ ಕಟ್ಟಿರ್ತಾರೆ?"

"ಹೂಂ ಅಂದೆನಲ್ಲೋ."

ಅಂದಿನಿಂದ ನಿಂಗಣ್ಣನಿಗೆ ಊಟ ರುಚಿಸಲಿಲ್ಲ. ನಾಯಿಗಳು ತನ್ನ ಮಾತು ಕೇಳುವ ಊರು ಒಂದಿದೆಯಂತೆ! ಅಲ್ಲಿ ಬಂಡಿ ಓಡಿಸುವವನಾದರೆ ಈ ಜನ್ಮ ಸಾರ್ಥಕ ಎಂದುಕೊಂಡ. ಮೊಲಗಳಿಗೆ "ನಾಯಿಗಳು ನನ್ನನ್ನು ಕರೆಸಿಕೊಂಡಿವೆ" ಎಂದು ಹೇಳಿ, ಉತ್ತರದ ಕಡೆ ಮುಖ ಮಾಡಿ ಹೊರಟೇಬಿಟ್ಟ.

ನಡೆದು ನಡೆದು, ಮೂಗಿನ ತುದಿ ಮರಗಟ್ಟಿದ ಮೇಲೆ, ಆ ಹಿಮದ ಹಳ್ಳಿ ಸಿಕ್ಕಿತು. ಹಳ್ಳಿಯ ಯಜಮಾನ ಕರಡಪ್ಪ ಎಂಬ ಬಿಳಿಕರಡಿ. ಅವನು ತಲೆಯ ಮೇಲೆ ಕೈಹೊತ್ತು ಕೂತಿದ್ದ. ಹೆಪ್ಪುಗಟ್ಟಿದ ಸರೋವರದ ಆಚೆ ದಡದಲ್ಲಿ ಒಂದು ಕಾಡುಬೆಕ್ಕು ಮರಿ ಹಾಕಿತ್ತು. ಬಾಣಂತಿ ಬೇಟೆಗೆ ಹೋಗುವಂತಿರಲಿಲ್ಲ. ಬಿರುಗಾಳಿ ಏಳುವ ಮೊದಲು ಅವಳಿಗೆ ಒಣಮೀನು ಮುಟ್ಟದಿದ್ದರೆ ಮರಿಗಳಿಗೆ ಹಾಲಿಲ್ಲ. ಬಂಡಿ ಓಡಿಸುತ್ತಿದ್ದ ಮುದುಕ ತೋಳನಿಗೋ ಸೊಂಟ ಹಿಡಿದುಕೊಂಡಿತ್ತು.

"ನಿನಗೆ ನಾಯಿಗಳ ಅಭ್ಯಾಸ ಇದೆಯೇನಪ್ಪಾ?" ಎಂದು ಕರಡಪ್ಪ ಕೇಳಿದ.

"ಇದೆಯಾ ಅಂತ ಕೇಳ್ತೀರಲ್ಲ ಯಜಮಾನ್ರೇ! ನಮ್ಮ ಕಡೆ ನಾನು ಕಾಡಿನಿಂದ ಹೊರಗೆ ಬಂದ್ರೆ ಸಾಕು, ಊರಿನ ನಾಯಿಗಳೆಲ್ಲ ಓಡೋಡಿ ಬರ್ತವೆ" ಎಂದ ನಿಂಗಣ್ಣ. ಅಷ್ಟರ ಮಟ್ಟಿಗೆ ಸುಳ್ಳೇನೂ ಇರಲಿಲ್ಲ ಬಿಡಿ.

ಕರಡಪ್ಪ ನಂಬಿದ. ನಾಯಿಗಳ ಮುಂದಾಳು ಬೆಳ್ಳಕ್ಕ ಮಾತ್ರ ಅವನನ್ನು ಒಮ್ಮೆ ಮೂಸಿ ನೋಡಿ, ಒಳಗೊಳಗೇ ನಕ್ಕಳು.

"ನೋಡಪ್ಪಾ, ಏರು ಬಂದ್ರೆ ನೀನು ಇಳಿದು ತಳ್ಳಬೇಕು. ನಡುದಾರೀಲಿ ಕರಿಬಂಡೆ ಬರುತ್ತೆ, ಅಲ್ಲಿ ಮೊದಲು ನಮಗೆ ಮೀನು, ಆಮೇಲೆ ನಿನಗೆ. ಇನ್ನು, ಆಕಾಶ ಕಳಚಿಬಿದ್ರೂ ಹಿಡಿ ಬಿಡಬೇಡ. ಓಡೋಕೆ ಶುರು ಮಾಡಿದ್ರೆ ಹಿಂತಿರುಗಿ ನೋಡೋ ಅಭ್ಯಾಸ ನಮಗಿಲ್ಲ."

"ಗೊತ್ತು, ಗೊತ್ತು" ಎಂದ ನಿಂಗಣ್ಣ. ಒಂದು ಮಾತೂ ಅವನ ತಲೆಗೆ ಹೋಗಿರಲಿಲ್ಲ. ಕಟ್ಟಿದ್ದ ನಾಯಿಗಳ ಬೆನ್ನುಗಳನ್ನೇ ಅವನು ಕಣ್ತುಂಬ ನೋಡುತ್ತಿದ್ದ.

ಬಂಡಿ ಹೊರಟಿತು. ಅಬ್ಬಾ, ಆ ಗತ್ತು! ಎದೆ ಉಬ್ಬಿಸಿ, ಬಾಲ ಎತ್ತಿ, "ಹೋಗ್ರೋ! ಹೋಗ್ರೋ!" ಎಂದು ನಿಂಗಣ್ಣ ಕೂಗಿದ್ದೇ ಕೂಗಿದ್ದು. ಆ ಮೊಲಗಳು ಇದನ್ನು ನೋಡಬೇಕಿತ್ತು ಎನ್ನಿಸಿತು ಅವನಿಗೆ. ಏರು ಬಂತು. ನಾಯಿಗಳ ನಾಲಿಗೆ ಹೊರಬಿತ್ತು.

"ಇಳಿಯಪ್ಪಾ" ಎಂದಳು ಬೆಳ್ಳಕ್ಕ.

"ಇಳಿಯೋಕೆ ನಾನೇನು ಕೂಲಿಯವನಾ?" ಎಂದ ನಿಂಗಣ್ಣ. ನಾಯಿಗಳು ಉಸಿರು ಕಟ್ಟಿ ಎಳೆದವು.

ಕರಿಬಂಡೆ ಬಂದಾಗ ನಾಯಿಗಳು ತಾವಾಗಿಯೇ ನಿಂತವು. ಬಂಡಿಯಲ್ಲಿ ಎರಡು ಮೂಟೆಗಳಿದ್ದವು. ದೊಡ್ಡದು ಬಾಣಂತಿಯದು, ಚಿಕ್ಕದು ನಾಯಿಗಳದು. ಮೀನಿನ ವಾಸನೆಗೆ ನಿಂಗಣ್ಣನ ಬಾಯಲ್ಲಿ ನೀರೂರಿತು.

"ಅಯ್ಯೋ, ಈ ಸಲ ಯಜಮಾನ್ರು ನಿಮ್ಮ ಪಾಲು ಹಾಕೋದನ್ನೇ ಮರೆತಿದ್ದಾರೆ ಬೆಳ್ಳಕ್ಕಾ!"

ಇವನು ಸುಳ್ಳು ಹೇಳಿದ್ದು ಯಾರಿಗೆ? ನಾಯಿಗೆ! ಅದೂ ವಾಸನೆಯ ವಿಷಯದಲ್ಲಿ!

"ಹೌದಾ? ಪಾಪ, ವಯಸ್ಸಾಯ್ತಲ್ಲ ಯಜಮಾನ್ರಿಗೆ" ಎಂದಳು ಬೆಳ್ಳಕ್ಕ. "ಬಾಣಂತಿ ಹಸಿದಿದ್ದಾಳೆ, ನಡೀರಿ."

ನಾಯಿಗಳು ಹಸಿದ ಹೊಟ್ಟೆಯಲ್ಲೇ ಓಡಿದವು. ಅವುಗಳ ಕಣ್ಣಿಗೆ ಮಣ್ಣೆರಚಿದೆ ಎಂದು ನಿಂಗಣ್ಣ ಹಿಗ್ಗಿದ. ಮೆಲ್ಲಗೆ ಮುಂದೆ ಬಾಗಿ ಚಿಕ್ಕ ಮೂಟೆಯ ಗಂಟಿಗೆ ಕೈ ಹಾಕಿದ. ಗಂಟು ಒಂದು ಕೈಗೆ ಬಗ್ಗಲಿಲ್ಲ. ಎರಡೂ ಕೈ ಹಾಕಿದ. ಗಂಟು ಬಿಚ್ಚಿತು. ದಪ್ಪದೊಂದು ಮೀನನ್ನು ಬಾಯಿಗೆ ತುರುಕಿಕೊಂಡ. ಅದೇ ಹೊತ್ತಿಗೆ ಬಂಡಿ ಒಂದು ದಿಣ್ಣೆಯ ಮೇಲೆ ಎಗರಿತು. ನಿಂಗಣ್ಣ ತಲೆಕೆಳಗಾಗಿ ಹಿಮದಲ್ಲಿ ಹೂತುಹೋದ.

"ನಿಲ್ರೋ" ಎಂದು ಕೂಗೋಣವೆಂದರೆ ಬಾಯಿ ತುಂಬ ಮೀನು. ಉಗುಳಲು ಮನಸ್ಸು ಬರಲಿಲ್ಲ. ನುಂಗಲು ಆಗಲಿಲ್ಲ. ಮನಸ್ಸು ಗಟ್ಟಿ ಮಾಡಿ ಉಗುಳುವ ಹೊತ್ತಿಗೆ ಬಂಡಿ ಸಾಸಿವೆ ಕಾಳಿನಷ್ಟಾಗಿತ್ತು.

ಆಗಲೇ ಬಿರುಗಾಳಿ ಎದ್ದಿತು. ಬಂಡಿಯ ಜಾಡು ಮುಚ್ಚಿಹೋಯಿತು. ನೆಲ ಯಾವುದು, ಆಕಾಶ ಯಾವುದು ತಿಳಿಯಲಿಲ್ಲ. ನಿಂಗಣ್ಣನ ಪಾದಗಳು ಕಲ್ಲಾದವು. ತನ್ನ ಬಿಸಿಲು ಕಾಡು ನೆನಪಾಗಿ, ಇಲ್ಲೇ ಸಾಯುತ್ತೇನೆ ಎಂದು ಅವನು ನಿಜವಾಗಿಯೂ ಅತ್ತುಬಿಟ್ಟ.

ಅಷ್ಟರಲ್ಲಿ ಎಲ್ಲೋ ದೂರದಲ್ಲಿ ನಾಯಿ ಬೊಗಳಿತು.

ಹುಟ್ಟಿದಾಗಿನಿಂದ ಆ ಸದ್ದು ಕೇಳಿದರೆ ಅವನ ಕಾಲುಗಳು ಓಡುತ್ತಿದ್ದದ್ದು ಅದರಿಂದ ದೂರಕ್ಕೆ. ಈಗಲೂ ಅಭ್ಯಾಸಬಲದಿಂದ ಒಮ್ಮೆ ಹಿಂದಕ್ಕೆ ತಿರುಗಿದವು. ನಿಂಗಣ್ಣ ಅವನ್ನು ಗದರಿಸಿ ಮುಂದಕ್ಕೆ ತಿರುಗಿಸಿದ. ಬೊಗಳುವ ಸದ್ದು ಬಂದ ಕಡೆಗೇ, ಬಿದ್ದು ಎದ್ದು, ಜೀವ ಕೈಯಲ್ಲಿ ಹಿಡಿದು ಓಡಿದ.

ಆಚೆ ದಡ ಸಿಕ್ಕಿತು. ಬಾಣಂತಿ ಬೆಕ್ಕಿನ ಗುಹೆಯಲ್ಲಿ ಮರಿಗಳು ಹಾಲು ಕುಡಿಯುತ್ತಿದ್ದವು. ನಾಯಿಗಳು ತಮ್ಮ ಪಾಲಿನ ಮೀನು ತಿನ್ನುತ್ತಿದ್ದವು. ಗುಹೆಯ ಬಾಯಲ್ಲಿ ಗಾಳಿಗೆ ಮುಖವೊಡ್ಡಿ ಬೆಳ್ಳಕ್ಕ ಒಬ್ಬಳೇ ಇನ್ನೂ ಬೊಗಳುತ್ತಿದ್ದಳು. ಅವಳ ಗಂಟಲು ಕಟ್ಟಿಹೋಗಿತ್ತು.

"ಏನಾಯ್ತು ಗೊತ್ತಾ ಬೆಳ್ಳಕ್ಕಾ, ದಾರೀಲಿ ಒಂದು ಹುಲಿ..." ಎಂದು ಶುರು ಮಾಡಿದ ನಿಂಗಣ್ಣ.

"ಮೀಸೆಗೆ ಮೀನು ಅಂಟಿದೆ, ಒರೆಸ್ಕೋ" ಎಂದಳು ಬೆಳ್ಳಕ್ಕ.

ನಿಂಗಣ್ಣ ತಲೆ ತಗ್ಗಿಸಿದ. ಮೀಸೆ ಒರೆಸಿಕೊಂಡು, "ನನಗೋಸ್ಕರ ಯಾಕೆ ಬೊಗಳಿದೆ?" ಎಂದು ಕೇಳಿದ.

"ನಾವು ಹಿಂತಿರುಗಿ ನೋಡಲ್ಲ, ನಿಜ. ಹಾಗಂತ ಬಂಡಿಯವನನ್ನ ಹಿಮದಲ್ಲಿ ಬಿಡ್ತೀವಾ?"

ನಿಂಗಣ್ಣನಿಗೆ ಅವಳು ಕಚ್ಚಿದ್ದರೇ ವಾಸಿಯಿತ್ತು ಎನ್ನಿಸುವಷ್ಟು ನಾಚಿಕೆಯಾಯಿತು.

ಗಾಳಿ ನಿಂತ ಮೇಲೆ ಬಂಡಿ ಊರಿಗೆ ಹೊರಟಿತು. ಹಿಡಿಯ ಹಿಂದೆ ಯಾರೂ ಇರಲಿಲ್ಲ. ನಾಯಿಗಳ ಸಾಲಿನ ಕೊನೆಯಲ್ಲಿ, ಕೊರಳಿಗೆ ಪಟ್ಟಿ ಕಟ್ಟಿಕೊಂಡು, ನಿಂಗಣ್ಣ ಎಳೆಯುತ್ತಿದ್ದ. ಏರು ಬಂದಾಗ ಅವನ ನಾಲಿಗೆ ಎಲ್ಲರಿಗಿಂತ ಮೊದಲು ಹೊರಬಿತ್ತು.

"ಇಳಿದು ತಳ್ಳೋರು ಒಬ್ಬರಿದ್ದಿದ್ರೆ ಚೆನ್ನಾಗಿತ್ತು ಅಲ್ವೇನಪ್ಪಾ?" ಎಂದಳು ಬೆಳ್ಳಕ್ಕ.

ನಿಂಗಣ್ಣ ಏದುಸಿರು ಬಿಡುತ್ತಾ ಇನ್ನೂ ಜೋರಾಗಿ ಎಳೆದ.

ಮುಂದಿನ ಚಳಿಗಾಲ ತಾಯಕ್ಕ ಕೆರೆಗೆ ಬಂದಿಳಿದಾಗ ಮೊಲಗಳು ಸುತ್ತ ನೆರೆದವು. "ನಿಂಗಣ್ಣ ಹೇಗಿದ್ದಾನೆ? ನಾಯಿಗಳನ್ನ ಓಡಿಸ್ತಾನಾ, ಇಲ್ಲಾ ನಾಯಿಗಳೇ ಅವನನ್ನ ಓಡಿಸ್ತವಾ?"

"ಎರಡೂ ಇಲ್ಲ" ಎಂದಳು ತಾಯಕ್ಕ. "ಈಗ ಒಟ್ಟಿಗೆ ಓಡ್ತಾರೆ. ಕರಿಬಂಡೆ ಹತ್ರ ಎಲ್ಲರಿಗೂ ಮೀನು ಹಂಚೋದು ಅವನೇ. ಕೊನೇಲಿ ತಿನ್ನೋದೂ ಅವನೇ."

ಮೊಲಗಳು ನಂಬಲಿಲ್ಲ. ಅಷ್ಟು ದಿನ ನಿಂಗಣ್ಣನ ಮಾತು ಕೇಳಿದವರಲ್ಲವೇ, ಅವರದೇನು ತಪ್ಪು?

ನೀತಿ: ನಮ್ಮ ಬಂಡಿ ಎಳೆಯುವವರ ತುತ್ತಿಗೆ ಕೈ ಹಾಕಿದರೆ, ನಡುದಾರಿಯಲ್ಲಿ ಬೀಳುವವರು ನಾವೇ.