ಮೂರು ಕಾಲಿನ ಜಿಂಕೆ

ಎಲ್ಲೋ ಒಂದು ಊರಿತ್ತಂತೆ. ಆ ಊರಿಗೆ ಸೊಸೆಯಾಗಿ ಬಂದವಳು ತನ್ನ ಸೆರಗಿನ ಮೇಲೆ ಜಿಂಕೆಯ ಕಸೂತಿ ಹಾಕಿ ತೋರಿಸಬೇಕಿತ್ತು. ಗೌಡನ ಮನೆಯಲ್ಲಿ ಅದಕ್ಕೊಂದು ಮಾದರಿ ಬಟ್ಟೆ. ಅದರಲ್ಲಿದ್ದಂತೆಯೇ ಎಳೆ ಎಣಿಸಿ ಹೊಲಿದರೆ ಸೊಸೆ ಒಳಗೆ, ತಪ್ಪಿದರೆ ತವರಿಗೆ.

ಹಿಂದೆ ಯಾವಾಗಲೋ ಆ ಮಾದರಿಯನ್ನು ಇಲಿ ಕಡಿದಿತ್ತಂತೆ. ಇಲಿಗೆ ಜಿಂಕೆಯ ಮೇಲೆ ಹಗೆಯೇನೂ ಇರಲಿಲ್ಲ. ಹಸಿವಿತ್ತು, ಅಷ್ಟೆ. ಅದು ಕಡಿದಲ್ಲಿ ಜಿಂಕೆಯ ಒಂದು ಕಾಲಿತ್ತು. ಆಮೇಲೆ ಬಂದ ಸೊಸೆಯರೆಲ್ಲ ಮೂರು ಕಾಲಿನ ಜಿಂಕೆ ಹೊಲಿದರು, ಅತ್ತೆಯರಾದರು, ತಮ್ಮ ಸೊಸೆಯರಿಗೂ ಮೂರೇ ಕಾಲು ಕಲಿಸಿದರು. ಊರಿನ ಮಾನ ಆ ಮೂರು ಕಾಲಿನ ಮೇಲೆ ಭದ್ರವಾಗಿ ನಿಂತಿತ್ತು.

ಆ ಊರಿಗೆ ಬಾಳವ್ವ ಎಂಬ ಸೊಸೆ ಬಂದಳಂತೆ. ಕಾಡಂಚಿನ ಹುಡುಗಿ. ಹೆತ್ತವರು ಇಲ್ಲ, ತವರಿಗೆ ಕಳಿಸಿದರೆ ಬಾಗಿಲು ತೆರೆಯುವವರು ಯಾರೂ ಇರಲಿಲ್ಲ. ಅವಳು ಹಾಲೂಡಿಸಿ ಸಾಕಿದ ಜಿಂಕೆಯೊಂದು ಬಳುವಳಿಯ ಹಾಗೆ ಹಿಂದೆಯೇ ಬಂದಿತ್ತು. ಅದಕ್ಕೆ ಮಾತು ಬರುತ್ತಿತ್ತಂತೆ.

ಬಾಳವ್ವ ಎಳೆ ಎಣಿಸುತ್ತ ಹೊಲಿದಳು. ಕಿವಿ ಬಂತು, ಕತ್ತು ಬಂತು, ಬೆನ್ನು ಬಂತು, ಮೂರು ಕಾಲು ಬಂದವು. ಅಲ್ಲಿಗೆ ಮಾದರಿ ಮುಗಿಯಿತು. ಹಿತ್ತಲಲ್ಲಿ ನಿಂತ ಜಿಂಕೆಯನ್ನು ನೋಡಿ ಅವಳಿಗೆ ನಾಚಿಕೆಯಾಯಿತು. ನಾಲ್ಕನೆಯದನ್ನೂ ಹೊಲಿದಳು.

ಅತ್ತೆ ಗುರುಸಿದ್ದವ್ವ ಸೆರಗು ನೋಡಿ ಎದೆ ಬಡಿದುಕೊಂಡಳು. ಪಂಚರು ಸೇರಿದರು.

"ಜಿಂಕಿಗೆ ನಾಕು ಕಾಲು ಇರ್ತಾವ್ರಿ ಗೌಡ್ರ," ಎಂದಳು ಬಾಳವ್ವ.

"ಹಂಗಾರ ನಮ್ಮ ಅವ್ವ, ಅವ್ವನ ಅವ್ವ, ಎಲ್ಲಾರೂ ಕುರುಡ್ರೇನವಾ?" ಎಂದ ಗೌಡ.

ಬಾಳವ್ವ ಸಾಕ್ಷಿಗೆ ಜಿಂಕೆಯನ್ನೇ ಕರೆತಂದಳಂತೆ. ತನಗೆ ನಾಲ್ಕು ಕಾಲು, ತನ್ನ ತಾಯಿಗೂ ನಾಲ್ಕೇ ಇದ್ದವು ಎಂದಿತು ಜಿಂಕೆ. ಪಂಚರು ಅದನ್ನು ಮಾದರಿಯ ಪಕ್ಕ ನಿಲ್ಲಿಸಿದರು. ಮಾದರಿ ನೋಡಿದರು, ಜಿಂಕೆ ನೋಡಿದರು. ಜಿಂಕೆ ನೋಡಿದರು, ಮಾದರಿ ನೋಡಿದರು. ಬಹಳ ಹೊತ್ತು ಯೋಚಿಸಿದ ಮೇಲೆ ತಪ್ಪು ಜಿಂಕೆಯದೇ ಎಂದು ತೀರ್ಮಾನವಾಯಿತು.

"ಪಾಪ, ಒಂದು ಕಾಲು ಹೆಚ್ಚಾಗೇತಿ. ಸರಿ ಮಾಡಿ ಕಳಸೂಣು," ಎಂದು ಗೌಡ ಕೊಡಲಿ ತರಿಸಿದನಂತೆ. ಸಿಟ್ಟಿನಿಂದಲ್ಲ, ಕನಿಕರದಿಂದ. ಆ ಊರಿನವರು ಕೆಟ್ಟವರೇನಲ್ಲ.

ಬಾಳವ್ವ ಕೊಡಲಿ ನೋಡಿದಳು.

"ನಾನಾ ಎಣಿಸೂದ್ರಾಗ ತಪ್ಪೀನ್ರಿ," ಎಂದಳು. "ಜಿಂಕಿಗೆ ಮೂರಾ ಕಾಲು."

ಕಸೂತಿಗೆ ಗಂಟು ಹಾಕುವುದಿಲ್ಲ. ಎಳೆ ಹಿಡಿದು ಜಗ್ಗಿದಳು. ನಾಲ್ಕನೆಯ ಕಾಲು ಸದ್ದಿಲ್ಲದೆ ಬಿಚ್ಚಿಕೊಂಡು ಬಂತು. ಊರಿಗೆ ಊರೇ ಸೆರಗಿನ ಮೇಲೆ ಬಗ್ಗಿತು. ಗುರುಸಿದ್ದವ್ವ ಬೆರಳಿಟ್ಟು ಎಣಿಸಿದಳು, ಗೌಡ ಎಣಿಸಿದ, ಬಾಳವ್ವನ ಗಂಡನೂ ಎಣಿಸಿದ. ಲೆಕ್ಕ ಸರಿಯಿತ್ತು.

ಅವರು ಎಣಿಸುತ್ತಿದ್ದಾಗ ಜಿಂಕೆ ನಾಲ್ಕೂ ಕಾಲಿನಲ್ಲಿ ಓಡಿ ಕಾಡು ಸೇರಿತಂತೆ. ಆಮೇಲೆ ಅದು ಮನುಷ್ಯರ ಜೊತೆ ಮಾತಾಡಲಿಲ್ಲ. ಬಾಳವ್ವನೂ ಅಷ್ಟಾಗಿ ಮಾತಾಡಲಿಲ್ಲ. ಬಲು ಒಳ್ಳೆಯ ಸೊಸೆ ಎಂದು ಹೆಸರಾದಳಂತೆ.

ಅವರ ಸುಖ ಅವರೂರಿಗಿರಲಿ, ನಮ್ಮ ದಾರಿ ನಮ್ಮೂರಿಗೆ.